ಪರದೇಶಿ ಭಾಷೆ, ಪರದೇಶಿ ಮಕ್ಕಳು

ನಾನು ಜೆಪ್ಪುವಿನವನು. ಹತ್ತಿರದ ಊರೊಂದರ ಸರ್ಕಾರಿ ಶಾಲೆಯಲ್ಲಿ ಮಾಸ್ಟ್ರು. ಹೋದ ವರ್ಷ ಶಾಲೆ ಶುರುವಾಗುವ ಹೊತ್ತಿಗೆ ನಮ್ಮ ಕೇರಿಯಲ್ಲಿ ರಿಕ್ಷಾ ಓಡಿಸುವವರೊಬ್ಬರು ಒಂದು ಕಾಗದ ಹಿಡಿದುಕೊಂಡು ಮನೆಗೆ ಬಂದರು. ಸಾಲ ಮಾಡಿ ಮಗಳನ್ನು ಖಾಸಗಿ ಇಂಗ್ಲಿಷ್ ಶಾಲೆಗೆ ಹಾಕಿದ್ದಾರೆ. ಮಗಳಿಗೆ ಆರನೇ ಕ್ಲಾಸು. ಮೂರನೇ ಭಾಷೆಯಾಗಿ ಹಿಂದಿ, ಫ್ರೆಂಚ್, ಜರ್ಮನ್ ಇವುಗಳಲ್ಲಿ ಯಾವುದು ಬೇಕೋ ಗುರುತು ಹಾಕಿ, ಸಹಿ ಮಾಡಿ ಕಳಿಸಿ ಅಂತ ಶಾಲೆಯವರು ಕೊಟ್ಟ ಕಾಗದ ಅದು. ಕಾಗದವೂ ಇಂಗ್ಲಿಷಿನಲ್ಲೇ ಇತ್ತು.

"ಮಾಸ್ಟ್ರೇ, ಇದರಲ್ಲಿ ಯಾವುದು ಒಳ್ಳೇದು? ಯಾವುದು ಕಲಿತರೆ ಮುಂದೆ ಅನ್ನ ಉಂಟು?"

ನನಗೆ ಉತ್ತರ ಹೊಳೆಯಲಿಲ್ಲ. ನಾಳೆ ಹೇಳ್ತೇನೆ ಅಂದೆ. ಮರುದಿನ ನಾನು ಹೋಗುವಷ್ಟರಲ್ಲಿ ಅವರು ಫ್ರೆಂಚಿಗೆ ಗುರುತು ಹಾಕಿ ಕಳಿಸಿಯಾಗಿತ್ತು. "ಫ್ಲಾಟಿನ ಇಂಜಿನಿಯರ್ ಒಬ್ಬರನ್ನು ಕೇಳಿದೆ ಮಾಸ್ಟ್ರೇ, ಅವರ ಮಗನೂ ಅದನ್ನೇ ತೆಗೊಂಡಿದ್ದಾನಂತೆ" ಅಂದರು. ಉಳ್ಳವರ ಮಗ ಏನು ಕಲಿಯುತ್ತಾನೋ ಅದೇ ಒಳ್ಳೇದು. ಇಲ್ಲದವರಿಗೆ ಈ ದೇಶದಲ್ಲಿ ದಾರಿದೀಪ ಅಂದರೆ ಅಷ್ಟೇ. ಅವರನ್ನು ನಾನು ದೂರುವುದಿಲ್ಲ. ಉತ್ತರ ಕೊಡಬೇಕಾಗಿದ್ದ ಮಾಸ್ಟ್ರು ಬಾಯಿ ಮುಚ್ಚಿಕೊಂಡು ಕೂತಿದ್ದ. ಆ ಸಾಲ ತೀರಿಸಲು ಇದನ್ನು ಬರೆಯುತ್ತಿದ್ದೇನೆ.

ಮೊದಲು ಮೇಲಿನವರ ಉತ್ತರ ಏನು ಅಂತ ನೋಡೋಣ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ವಿದೇಶಿ ಭಾಷೆಗಳ ಬಗ್ಗೆ ಒಂದು ಪ್ಯಾರಾ ಉಂಟು. ಪ್ರೌಢಶಾಲೆಯ ಹಂತದಲ್ಲಿ ಕಲಿಸಬಹುದಾದ ಭಾಷೆಗಳಿಗೆ ಉದಾಹರಣೆಯಾಗಿ ಎಂಟು ಹೆಸರು ಅಲ್ಲಿವೆ: ಕೊರಿಯನ್, ಜಪಾನಿ, ಥಾಯ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ಪೋರ್ಚುಗೀಸ್, ರಷ್ಯನ್. ಮಕ್ಕಳು ಜಗತ್ತಿನ ಸಂಸ್ಕೃತಿಗಳನ್ನು ತಿಳಿಯಲಿ, ತಮ್ಮ ತಮ್ಮ ಆಸಕ್ತಿ ಮತ್ತು ಆಸೆಗಳಿಗೆ ತಕ್ಕಂತೆ ದೇಶವಿದೇಶ ಓಡಾಡಲಿ ಅನ್ನುವುದು ಅದರ ಸಾರ.

ಕೇಳುವುದಕ್ಕೆ ಚೆಂದ. ಆದರೆ ಈ ಪಟ್ಟಿಯನ್ನು ಜೆಪ್ಪುವಿನ ಮಹಾಕಾಳಿಪಡ್ಪಿನಲ್ಲೋ ಮಾರ್ಗನ್ಸ್ ಗೇಟಿನಲ್ಲೋ ನಿಂತು ಓದಿ ನೋಡಿ. ಈ ಕರಾವಳಿಯ ಮನೆಮನೆಯಿಂದ ಐವತ್ತು ವರ್ಷಗಳಿಂದ ಗಂಡಸರು, ಈಗೀಗ ಹೆಂಗಸರೂ, ದುಡಿಯಲು ಹೋಗುತ್ತಿರುವುದು ಯಾವ ಕಡೆಗೆ? ದುಬೈ, ಸೌದಿ, ಕುವೈತ್, ಕತಾರ್, ಬಹರೇನ್, ಮಸ್ಕತ್ತಿಗೆ. ಅಲ್ಲಿನ ಭಾಷೆ ಅರಬಿ. ಎಂಟು ಹೆಸರಿನ ಪಟ್ಟಿಯಲ್ಲಿ ಅರಬಿ ಇಲ್ಲ. ಉದಾಹರಣೆಗೆ ಕೊಟ್ಟ ಪಟ್ಟಿ ಅದು, ಅರಬಿ ಬೇಡ ಅಂತ ಎಲ್ಲೂ ಬರೆದಿಲ್ಲ ಅನ್ನಬಹುದು. ಒಪ್ಪಿದೆ. ಆದರೆ ಉದಾಹರಣೆ ಕೊಡುವಾಗ ಯಾರ ನೆನಪು ಬಂತು, ಯಾರ ನೆನಪು ಬರಲಿಲ್ಲ ಅನ್ನುವುದರಲ್ಲೇ ಕೊಡುವವರ ಮನಸ್ಸು ಗೊತ್ತಾಗ್ತದೆ. 2019ರ ಕರಡಿನಲ್ಲಿ ಚೀನಿ ಭಾಷೆಯ ಹೆಸರಿತ್ತು. ಗಡಿಯಲ್ಲಿ ಹೊಡೆದಾಟವಾದ 2020ರಲ್ಲಿ ಹೊರಬಂದ ನೀತಿಯಲ್ಲಿ ಅದು ಕಾಣೆಯಾಗಿತ್ತು. ಅಂದರೆ ಈ ಪಟ್ಟಿಯಲ್ಲಿ ಮಗುವಿನ ಆಸಕ್ತಿಗಿಂತ ದಿಲ್ಲಿಯ ಸ್ನೇಹ ದ್ವೇಷಗಳು ದೊಡ್ಡವು ಅನ್ನುವ ಅನುಮಾನ ಬಂದರೆ ತಪ್ಪಲ್ಲ.

ಈ ಅನುಮಾನಕ್ಕೆ ಇನ್ನೊಂದು ಆಧಾರವೂ ಉಂಟು. 2011ರಲ್ಲಿ ಕೇಂದ್ರೀಯ ವಿದ್ಯಾಲಯಗಳಲ್ಲಿ ಜರ್ಮನ್ ಮೂರನೇ ಭಾಷೆಯಾಗಿ ಬಂತು. 2014ರ ಅಕ್ಟೋಬರಿನಲ್ಲಿ, ವರ್ಷದ ನಡುವೆಯೇ, ಅದನ್ನು ತೆಗೆದು ಸಂಸ್ಕೃತ ಇಡುವ ತೀರ್ಮಾನವಾಯಿತು. ಸುಮಾರು 70 ಸಾವಿರ ಮಕ್ಕಳು ಜರ್ಮನ್ ಪುಸ್ತಕ ಹಿಡಿದು ಕೂತಿದ್ದವರು. ತಂದವರೂ ಅವರನ್ನು ಕೇಳಲಿಲ್ಲ, ತೆಗೆದವರೂ ಕೇಳಲಿಲ್ಲ. ಪತ್ರಿಕೆಗಳಲ್ಲಿ ಜರ್ಮನಿಯ ಮರ್ಯಾದೆ, ಸಂಸ್ಕೃತದ ಮರ್ಯಾದೆ ಎರಡರ ಬಗ್ಗೆಯೂ ಚರ್ಚೆ ನಡೆಯಿತು. ಮಕ್ಕಳ ಮರ್ಯಾದೆಯ ಮಾತು ಕಡಿಮೆ.

ಈಗ ನಮ್ಮ ಊರಿಗೆ ಬರೋಣ. ಜೆಪ್ಪುವಿಗೆ ಪರದೇಶದ ಭಾಷೆ ಹೊಸದಲ್ಲ. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. 1860ರ ದಶಕದಲ್ಲಿ ಜಾರ್ಜ್ ಪ್ಲೆಬ್‌ಸ್ಟ್ ಎಂಬ ಜರ್ಮನ್ ಮಿಶನರಿ ನೇತ್ರಾವತಿ ದಂಡೆಯ ಜೇಡಿಮಣ್ಣಿನಿಂದ ಹಂಚು ಮಾಡುವ ಕಾರ್ಖಾನೆ ಶುರು ಮಾಡಿದ. ಮಂಗಳೂರು ಹಂಚು ದೇಶ ದಾಟಿ ಹೋಯಿತು. ಆ ಜರ್ಮನರು ಇಲ್ಲಿ ಮೊದಲು ಮಾಡಿದ ಕೆಲಸ ನಮ್ಮ ಭಾಷೆ ಕಲಿತದ್ದು. ಬ್ರಿಗೆಲ್ ಬರೆದ ತುಳು ವ್ಯಾಕರಣ 1872ರಲ್ಲಿ ಬಂತು. ಮ್ಯಾನರ್ ಮಾಡಿದ ತುಳು ನಿಘಂಟು 1886ರಲ್ಲಿ ಬಂತು. ಕಿಟೆಲ್ಲರ ಕನ್ನಡ ನಿಘಂಟು 1894ರಲ್ಲಿ ಇದೇ ಮಂಗಳೂರಿನಲ್ಲಿ ಅಚ್ಚಾಯಿತು. ಇವು ಸಣ್ಣ ಕೆಲಸಗಳಲ್ಲ. ಊರಿನ ದೊಡ್ಡ ಜಾತಿಗಳು ಕೀಳು ಅಂದ ತುಳುವನ್ನು ಅವರು ಅಚ್ಚಿಗೆ ಹಾಕಿದರು. ಅದಕ್ಕೆ ನಾವು ಋಣಿಗಳು.

ಆದರೆ ಲೆಕ್ಕ ಪೂರ್ತಿ ಇಡಬೇಕು. ದಲಿತರ ಮಕ್ಕಳಿಗೆಂದೇ ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ಶಾಲೆ ತೆರೆದದ್ದು 1892ರಲ್ಲಿ. ನಿಘಂಟು ಬಂದು ಆರು ವರ್ಷವಾದ ಮೇಲೆ. ನಮ್ಮ ಮಾತು ಪುಸ್ತಕದೊಳಗೆ ಹೋಯಿತು, ನಾವು ಇನ್ನೂ ಶಾಲೆಯ ಹೊರಗೇ ಇದ್ದೆವು. ಪಾಡ್ದನ ಹಾಡಿ ಹೇಳಿಕೊಟ್ಟ ಬಾಯಿಗಳು ನಲಿಕೆಯವರದು, ಪರವರದು, ಪಂಬದರದು. ಅಚ್ಚು ಹಾಕಿಸಿದವರ ಹೆಸರನ್ನು ನಾವು ಪಾಠ ಮಾಡ್ತೇವೆ. ಹಾಡಿದವರ ಹೆಸರು ನಮ್ಮಲ್ಲಿ ಎಷ್ಟು ಜನ ಹೇಳಬಲ್ಲೆವು? ಜರ್ಮನ್ ಪಾದ್ರಿ ತುಳು ಕಲಿತದ್ದು ಮಾತಾಡಿಸಲು, ಒಪ್ಪಿಸಲು, ಬೋಧಿಸಲು, ಕೆಲಸ ಮಾಡಿಸಲು. ಹಂಚು ಹೊತ್ತವನಿಗೆ ಜರ್ಮನ್ ಕಲಿಯುವ ಅಗತ್ಯ ಯಾರಿಗೂ ಕಾಣಲಿಲ್ಲ. ಒಂದನೇ ಮಹಾಯುದ್ಧದಲ್ಲಿ ಜರ್ಮನರು ಬ್ರಿಟಿಷರಿಗೆ ಶತ್ರುಗಳಾದರು, ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಯಜಮಾನರ ಭಾಷೆ ಬದಲಾಯಿತು. ಹಂಚು ಹೊರುವ ತಲೆ ಬದಲಾಗಲಿಲ್ಲ.

ನನ್ನ ಅಮ್ಮ ಹಂಚಿನ ಕಾರ್ಖಾನೆಯೊಂದರಲ್ಲಿ ಹೊರುವ ಕೆಲಸ ಮಾಡಿದವಳು. ಶಾಲೆಯ ಮೆಟ್ಟಿಲು ಹತ್ತಲಿಲ್ಲ, ಆದರೆ ಪರದೇಶದ ಭಾಷೆ ಅವಳಿಗೂ ಬರುತ್ತಿತ್ತು. ಗೇಟು, ಶಿಫ್ಟು, ಟೋಕನ್ನು, ಫೈನು, ಲೇ ಆಫು. ಐದೂ ಮಾತು ಅವಳ ಮೇಲೆ ಬೇರೆಯವರು ಪ್ರಯೋಗಿಸಿದ ಮಾತುಗಳು. ಫೈನ್ ಯಾಕೆ ಹಾಕಿದಿರಿ ಅಂತ ತಿರುಗಿ ಕೇಳುವ ಇಂಗ್ಲಿಷು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಈ ಲೇಖನದಲ್ಲಿ ಹೇಳಬೇಕಾದ ಮಾತು ಇಲ್ಲಿಂದಲೇ ಹುಟ್ಟಿದ್ದು. ಒಂದು ಭಾಷೆಯನ್ನು ಅಪ್ಪಣೆ ಕೇಳಿಸಿಕೊಳ್ಳುವಷ್ಟು ಮಾತ್ರ ಕಲಿಸಿದರೆ ಅದು ಇನ್ನೊಂದು ಸಂಕೋಲೆ. ಯಾಕೆ ಅಂತ ಕೇಳುವಷ್ಟು ಕಲಿಸಿದರೆ ಮಾತ್ರ ಅದು ವಿದ್ಯೆ. ಯಾವ ಭಾಷೆ ಅನ್ನುವ ಪ್ರಶ್ನೆಗಿಂತ ಎಷ್ಟು ಆಳಕ್ಕೆ, ಯಾರಿಗೆ, ಯಾರ ಖರ್ಚಿನಲ್ಲಿ ಅನ್ನುವ ಪ್ರಶ್ನೆ ಮುಂದೆ ಬರಬೇಕು.

ಬಡವರ ಮಕ್ಕಳಿಗೆ ಪರಭಾಷೆ ತಲೆಗೆ ಹತ್ತುವುದಿಲ್ಲ ಅಂತ ಹೇಳುವವರಿದ್ದಾರೆ. ನನ್ನ ಸಹೋದ್ಯೋಗಿಗಳಲ್ಲೂ ಇದ್ದಾರೆ. ಅವರು ಒಂದು ಸಲ ಜೆಪ್ಪು ಸೆಮಿನರಿಯ ಕಡೆ ನೋಡಬೇಕು. 1879ರಲ್ಲಿ ಶುರುವಾದ ಸಂಸ್ಥೆ ಅದು. ಎರಡನೇ ವ್ಯಾಟಿಕನ್ ಸಭೆ ಮುಗಿಯುವವರೆಗೆ, ಅಂದರೆ 1965ರವರೆಗೆ, ಪಾದ್ರಿಯಾಗುವವನಿಗೆ ಲ್ಯಾಟಿನ್ ಬೇಕೇ ಬೇಕಿತ್ತು. ಮನೆಯಲ್ಲಿ ಕೊಂಕಣಿ ಆಡುವ, ಗದ್ದೆ ಉಳುವವರ ಮಕ್ಕಳು ಯಾವ ದೇಶದ ಬೀದಿಯಲ್ಲೂ ಆಡದ ಲ್ಯಾಟಿನ್ನನ್ನು ಕಲಿತರು. ಹೇಗೆ ಕಲಿತರು? ಗುರು ಇದ್ದರು, ಪುಸ್ತಕ ಇತ್ತು, ಹೊತ್ತಿಗೆ ಊಟ ಇತ್ತು, ವರ್ಷಗಟ್ಟಲೆ ಸಮಯ ಇತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಇವರು ಕಲಿಯಲೇಬೇಕು ಅಂತ ಸಂಸ್ಥೆಗೆ ಅನಿಸಿತ್ತು. ನಮ್ಮ ಸರ್ಕಾರಿ ಶಾಲೆಯ ಮಗುವಿನ ಬಗ್ಗೆ ಹಾಗೆ ಅನಿಸಿದ ಸರ್ಕಾರ ಇನ್ನೂ ಬಂದಿಲ್ಲ.

ಇನ್ನು ನಮ್ಮ ಚಳುವಳಿಯ ಒಳಗಿನ ಮಾತು. ಭಾಷೆಯ ಆಯ್ಕೆ ಅನ್ನುವುದು ದಲಿತನ ಮಟ್ಟಿಗೆ ಯಾವತ್ತೂ ಬರಿಯ ಆಯ್ಕೆ ಆಗಿರಲಿಲ್ಲ. ಮುಂಬಯಿಯ ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿ ಹುಡುಗ ಭೀಮರಾವ್ ಸಂಸ್ಕೃತ ಕಲಿಯಬೇಕೆಂದಿದ್ದ. ಅಸ್ಪೃಶ್ಯನಿಗೆ ಕಲಿಸೋಲ್ಲ ಅಂದರು. ಪರ್ಶಿಯನ್ ತೆಗೆದುಕೊಳ್ಳಬೇಕಾಯಿತು. ತನ್ನ ದೇಶದ ಭಾಷೆಯ ಬಾಗಿಲು ಮುಚ್ಚಿತ್ತು, ಪರದೇಶದ ಭಾಷೆಯ ಬಾಗಿಲು ತೆರೆದಿತ್ತು. ಮುಂದೆ ಅವರು ಅಮೆರಿಕಕ್ಕೆ ಹೋದರು, ಲಂಡನ್ನಿಗೆ ಹೋದರು, ಜರ್ಮನಿಯ ಬಾನ್ ವಿಶ್ವವಿದ್ಯಾಲಯಕ್ಕೂ ಹೆಸರು ಹಚ್ಚಿದರು. ಮುಚ್ಚಿದ್ದ ಸಂಸ್ಕೃತವನ್ನೂ ಬಿಡಲಿಲ್ಲ, ಕಲಿತು ಶಾಸ್ತ್ರಗಳನ್ನೇ ಕಟಕಟೆಗೆ ತಂದರು. ಕೊನೆಗಾಲದಲ್ಲಿ ಪಾಲಿ ನಿಘಂಟಿಗೆ ಕೈ ಹಾಕಿದರು. ಬಾಬಾಸಾಹೇಬರಿಗೆ ಪ್ರತಿಯೊಂದು ಭಾಷೆಯೂ ಪ್ರಶ್ನೆ ಕೇಳುವ ಸಾಧನ.

ನಮ್ಮಲ್ಲಿ ಬಿ. ಬಸವಲಿಂಗಪ್ಪನವರು 1973ರಲ್ಲಿ ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಹೆಚ್ಚು ಅಂದರು, ಇಂಗ್ಲಿಷಿನ ಕಡೆ ನೋಡಿ ಅಂದರು. ಗಲಾಟೆಯೆದ್ದಿತು, ಹಾಸ್ಟೆಲಿನ ದಲಿತ ಹುಡುಗರಿಗೆ ಏಟು ಬಿತ್ತು, ಮಂತ್ರಿಗಿರಿ ಹೋಯಿತು. ಅದೇ ಹೊತ್ತಿಗೆ ತಮ್ಮ ಮಕ್ಕಳನ್ನು ಕಾನ್ವೆಂಟಿಗೆ ಕಳಿಸುತ್ತಿದ್ದ ಮೇಲುಜಾತಿಯವರ ಕನ್ನಡಪ್ರೇಮವನ್ನು ಯಾರೂ ಪ್ರಶ್ನಿಸಲಿಲ್ಲ. ಮುಂದೆ, ಕನ್ನಡ ಓದದೆಯೇ ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ತೆಗೆದುಕೊಂಡು ಸುಲಭಕ್ಕೆ ಅಂಕ ಗಿಟ್ಟಿಸುವ ವ್ಯವಸ್ಥೆಯ ಪ್ರಶ್ನೆ ಎದ್ದಾಗ, 1980ರಲ್ಲಿ ಗೋಕಾಕ್ ಸಮಿತಿ ಬಂತು. 1981ರಲ್ಲಿ ವರದಿ, 1982ರಲ್ಲಿ ಚಳುವಳಿ. ನಾವೂ ಘೋಷಣೆ ಕೂಗಿದೆವು. ಕೂಗಿದ್ದು ಸರಿಯಾಗಿಯೇ ಇತ್ತು. ಆದರೆ ಆಮೇಲೆ ಏನು ಮಾಡಿದೆವು? ಕನ್ನಡ ಶಾಲೆಯನ್ನು ಬಡವರ ಮಕ್ಕಳಿಗೆ ಬಿಟ್ಟು, ಕನ್ನಡದ ಭಾಷಣ ನಾವಿಟ್ಟುಕೊಂಡೆವು. ನನ್ನ ಮಗನೂ ಇಂಗ್ಲಿಷ್ ಶಾಲೆಯಲ್ಲೇ ಓದಿದ್ದು. ಇದನ್ನು ಬರೆಯದೆ ಮುಂದಿನದನ್ನು ಬರೆಯುವ ಹಕ್ಕು ನನಗಿಲ್ಲ.

ಇನ್ನೂ ಒಂದು ಸತ್ಯ ಕನ್ನಡಪರ ಗೆಳೆಯರಿಗೆ ಕಹಿ ಅನಿಸಬಹುದು. ಜೆಪ್ಪುವಿನ ದಲಿತರ ಮನೆಯ ಮಗುವಿಗೆ ಶಾಲೆಯಲ್ಲಿ ಎದುರಾಗುವ ಮೊದಲ ಪರಭಾಷೆ ಪುಸ್ತಕದ ಕನ್ನಡ. ಮನೆಯಲ್ಲಿ ತುಳು. ಕೊರಗ ಭಾಷೆ ಇನ್ನೂ ಉಳಿದಿರುವ ಮನೆಯ ಮಗುವಿಗೆ ತುಳುವೇ ಎರಡನೆಯದು, ಕನ್ನಡ ಮೂರನೆಯದು. ನಾನು ಕರಿಹಲಗೆಯ ಮೇಲೆ 'ಬಲೆ' ಅಂತ ಬರೆದು ಮೀನಿನ ಬಲೆಯ ಚಿತ್ರ ತೋರಿಸಿದರೆ ಒಂದನೇ ಕ್ಲಾಸಿನ ಮಕ್ಕಳು ನಗುತ್ತಾರೆ. ತುಳುವಿನಲ್ಲಿ 'ಬಲೆ' ಅಂದರೆ 'ಬನ್ನಿ'. ಆ ನಗುವನ್ನು ಹಿಡಿದು ಪಾಠ ಮಾಡುವ ಮೇಷ್ಟರು ಕಡಿಮೆ. ಬೆತ್ತ ತೋರಿಸುವವರನ್ನೇ ನಾನು ಹೆಚ್ಚು ಕಂಡಿದ್ದೇನೆ. ಮಗುವಿಗೆ ಬರುವ 'ದಾಯೆ' ಅನ್ನುವ ಮಾತು, ಅಂದರೆ 'ಯಾಕೆ' ಅನ್ನುವುದು, ಕ್ಲಾಸಿನಲ್ಲಿ ಮೊದಲು ಸಾಯುವ ಮಾತು. 2010ರ ಹೊತ್ತಿಗೆ ತುಳುವನ್ನು ಆರನೇ ಕ್ಲಾಸಿನಿಂದ ಮೂರನೇ ಭಾಷೆಯಾಗಿ ತೆಗೆದುಕೊಳ್ಳಬಹುದು ಅಂತಾಯಿತು. ಹುಟ್ಟಿದ ದಿನವೇ ಬಂದ ಭಾಷೆ ಆರನೇ ಕ್ಲಾಸಿನಲ್ಲಿ, ಅದೂ ಮೂರನೆಯದಾಗಿ ಬರುತ್ತದೆ! ಸ್ವಂತ ಮಾತಿನಲ್ಲೇ 'ದಾಯೆ' ಕೇಳಿ ಅಭ್ಯಾಸವಿಲ್ಲದ ಮಗುವಿಗೆ ನೀವು ಎಂಟಲ್ಲ, ಹದಿನೆಂಟು ವಿದೇಶಿ ಭಾಷೆ ಕೊಟ್ಟರೂ ಅದು ಎಲ್ಲ ಭಾಷೆಯಲ್ಲೂ 'ಆಯ್ತು ಸಾರ್' ಅನ್ನುವುದನ್ನೇ ಕಲಿಯುತ್ತದೆ.

ಹಾಗಾದರೆ ಹೊಟ್ಟೆಪಾಡಿಗೆ ಭಾಷೆ ಕಲಿಯುವುದು ತಪ್ಪೇ ಅಂತ ನೀವು ಕೇಳಬಹುದು. ಖಂಡಿತ ಅಲ್ಲ. ಹಸಿದವನಿಗೆ ಸಂಸ್ಕೃತಿಯ ಪಾಠ ಹೇಳುವ ಪೈಕಿ ನಾನಲ್ಲ. ನನ್ನ ಅಕ್ಕನ ಮಗಳು ನರ್ಸಿಂಗ್ ಮುಗಿಸಿ ಆಸ್ಪತ್ರೆಯಲ್ಲಿ ದುಡಿಯುತ್ತಾ ಜರ್ಮನ್ ಕಲಿಯುತ್ತಿದ್ದಾಳೆ. ಜರ್ಮನಿಯಲ್ಲಿ ಮುದುಕರು ಹೆಚ್ಚು, ನೋಡಿಕೊಳ್ಳುವ ಕೈಗಳು ಕಡಿಮೆ. ಕೇರಳದ ನೋರ್ಕಾ ಸಂಸ್ಥೆ 2021ರಲ್ಲಿ ನರ್ಸ್‌ಗಳನ್ನು ಕಳಿಸಲು ಆ ದೇಶದ ಜೊತೆ ಒಪ್ಪಂದವನ್ನೇ ಮಾಡಿಕೊಂಡಿತು. ಅಲ್ಲಿ ಪೂರ್ಣ ನರ್ಸ್ ಅನಿಸಿಕೊಳ್ಳಬೇಕಾದರೆ ಸಾಮಾನ್ಯವಾಗಿ ಬಿ-2 ಅನ್ನುವ ಮಟ್ಟದ ಜರ್ಮನ್ ಬೇಕು. ಆರು ಮೆಟ್ಟಿಲಲ್ಲಿ ನಾಲ್ಕನೆಯದು. ರಾತ್ರಿ ಪಾಳಿ ಮುಗಿಸಿ ಬಂದು ಮೊಬೈಲು ಹಿಡಿದು ಪಾಠ ಕೇಳ್ತಾಳೆ. ಫೀಸಿಗೆ ಅಕ್ಕನ ಸರ ಅಡವಿಗೆ ಹೋಗಿದೆ.

"ಏನೇನು ಬರ್ತದೆ ಮಗಾ ನಿಂಗೆ ಈಗ?" ಅಂತ ಒಮ್ಮೆ ಕೇಳಿದೆ.

"ನೋವು ಎಲ್ಲಿ ಉಂಟು ಅಂತ ಕೇಳ್ಲಿಕ್ಕೆ ಬರ್ತದೆ ಮಾಮ. ಮಾತ್ರೆ ತೆಗೊಂಡ್ರಾ ಅಂತ ಕೇಳ್ಲಿಕ್ಕೆ ಬರ್ತದೆ. ನಂಗೇ ಸುಸ್ತಾಗಿದೆ, ಎರಡು ಪಾಳಿ ಒಟ್ಟಿಗೆ ಹಾಕ್ಬೇಡಿ ಅಂತ ಹೇಳುವ ಪಾಠ ಇನ್ನೂ ಬರ್ಲಿಲ್ಲ."

ನೂರೈವತ್ತು ವರ್ಷದ ಹಿಂದೆ ಜರ್ಮನ್ ಇಲ್ಲಿಗೆ ಬಂದು ನಮ್ಮ ಭಾಷೆ ಕಲಿತ, ನಮ್ಮಿಂದ ಕೆಲಸ ಮಾಡಿಸಲು. ಈಗ ನಮ್ಮ ಹುಡುಗಿ ಅವನ ಭಾಷೆ ಕಲಿಯುತ್ತಾಳೆ, ಅವನ ಕೆಲಸ ಮಾಡಲು. ಹೋಗಲಿ, ದುಡಿಯಲಿ, ಅಕ್ಕನ ಸರ ಬಿಡಿಸಲಿ. ಆದರೆ ಅವಳಿಗೆ ಬಾರದ ಆ ಪಾಠವೇ ನಮ್ಮ ಶಾಲೆ ಮೊದಲು ಕಲಿಸಬೇಕಾದ ಪಾಠ.

ಅರಬಿಯ ಕತೆಯೂ ಇದೇ. ಸೌದಿಯಲ್ಲಿ ಕೆಲಸದ ಕರಾರಿನ ಬಗ್ಗೆ ತಕರಾರು ಬಂದರೆ ಕಾನೂನಿಗೆ ಅರಬಿ ಪ್ರತಿಯೇ ಪ್ರಮಾಣ. ಇಂಗ್ಲಿಷ್ ಪ್ರತಿಯಲ್ಲಿ ಏನೇ ಇರಲಿ, ಅರಬಿಯಲ್ಲಿ ಇದ್ದದ್ದೇ ನಡೆಯುತ್ತದೆ. ಇಲ್ಲಿಂದ ಹೋಗುವ ಡ್ರೈವರ್, ಮೇಸ್ತ್ರಿ, ಮನೆಗೆಲಸದಾಕೆ ತಮಗೆ ಓದಲಾಗದ ಕಾಗದಕ್ಕೆ ಹೆಬ್ಬೆಟ್ಟಿನಂತೆಯೇ ಸಹಿ ಹಾಕಿ ಹೋಗುತ್ತಾರೆ. ಮದರಸಕ್ಕೆ ಹೋದವರಿಗೆ ಅಕ್ಷರವಾದರೂ ಗೊತ್ತುಂಟು. ಆದರೆ ಕರಾರು ಓದುವ ಅರಬಿ ಬೇರೆ. ನಮ್ಮ ರಾಜ್ಯದ ಎಸ್‌ಎಸ್‌ಎಲ್‌ಸಿಯ ಮೂರನೇ ಭಾಷೆಗಳ ಪಟ್ಟಿಯಲ್ಲಿ ಅರಬಿಯೂ ಉಂಟು, ಪರ್ಶಿಯನ್ನೂ ಉಂಟು. ಆದರೂ ಅದು ಮುಸ್ಲಿಮರ ಭಾಷೆ ಅಂತ ಮೂಲೆಗೆ ಸರಿಸಿದ್ದೇವೆ. ಗಲ್ಫಿನಿಂದ ಬರುವ ದುಡ್ಡಿಗೆ ಇಲ್ಲದ ಮತ ಅಲ್ಲಿನ ಭಾಷೆಗೆ ಎಲ್ಲಿಂದ ಬಂತು? ಅಲ್ಲಿಗೆ ಹೋಗುವ ಬಿಲ್ಲವ, ಮೊಗವೀರ, ಕ್ರಿಶ್ಚಿಯನ್, ದಲಿತ, ಬ್ಯಾರಿ ಎಲ್ಲರ ಪಾಸ್‌ಪೋರ್ಟನ್ನು ಇಟ್ಟುಕೊಳ್ಳುವ ಯಜಮಾನ ಜಾತಿ ಕೇಳುವುದಿಲ್ಲ.

2023ರಲ್ಲಿ ಕರ್ನಾಟಕ ಸರ್ಕಾರ ದಿಲ್ಲಿಯ ನೀತಿ ನಮಗೆ ಬೇಡ ಅಂದು ಸುಖದೇವ್ ಥೋರಟ್ ಅವರ ಆಯೋಗ ನೇಮಿಸಿತು. 2025ರ ಆಗಸ್ಟಿನಲ್ಲಿ ಕೊಟ್ಟ ವರದಿಯಲ್ಲಿ ಆಯೋಗ ಕನ್ನಡ ಅಥವಾ ತಾಯಿಭಾಷೆ ಮತ್ತು ಇಂಗ್ಲಿಷ್, ಹೀಗೆ ಎರಡು ಭಾಷೆಯ ಪದ್ಧತಿ ಸಾಕು ಅಂತ ಹೇಳಿತು. ಮಗುವಿನ ಹೊರೆ ಇಳಿಸುವ ಮಾತು ಅನ್ನುವ ಮಟ್ಟಿಗೆ ನಾನು ಒಪ್ಪುತ್ತೇನೆ. ಆದರೆ ಸರ್ಕಾರಿ ಶಾಲೆಯಲ್ಲಿ ಎರಡೇ ಇದ್ದು, ದುಡ್ಡಿದ್ದವರು ಹೊರಗೆ ಮೂರನೆಯದನ್ನು, ನಾಲ್ಕನೆಯದನ್ನು ಕೊಂಡುಕೊಳ್ಳುವ ಹಾಗಾದರೆ ಹಳೆಯ ಅಗ್ರಹಾರಕ್ಕೆ ಹೊಸ ಬೋರ್ಡು ಹಾಕಿದಂತೆ.

ಹಾಗಾಗಿ ನನ್ನ ಉತ್ತರವನ್ನು ಬಿಡಿಸಿ ಹೇಳುತ್ತೇನೆ. ಒಪ್ಪದವರು ಜಗಳಕ್ಕೆ ಬರಲಿ.

ಒಂದು: ಮೊದಲ ವರ್ಷಗಳಲ್ಲಿ ತುಳುವಿಗೆ, ಕೊರಗ ಭಾಷೆಗೆ ಕ್ಲಾಸಿನೊಳಗೆ ಬಾಯಿ ಬಿಡುವ ಹಕ್ಕು ಬೇಕು. ಅದರ ಕೈ ಹಿಡಿದು ಕನ್ನಡ ಬರಲಿ. ಇದಕ್ಕೆ ಯಾವ ಆಯೋಗವೂ ಬೇಡ, ಮೇಷ್ಟರ ಮನಸ್ಸು ಸಾಕು.

ಎರಡು: ವಿದೇಶಿ ಭಾಷೆಗಳಲ್ಲಿ ಎಲ್ಲ ಮಕ್ಕಳಿಗೂ ಬೇಕಾದದ್ದು ಇಂಗ್ಲಿಷ್ ಒಂದೇ. ಅದು ಕೋರ್ಟಿನ, ಕಚೇರಿಯ, ಕಾಲೇಜಿನ ಭಾಷೆಯಾಗಿರುವವರೆಗೆ ಅದನ್ನು ಬಡವರಿಂದ ದೂರ ಇಡುವುದು ದ್ರೋಹ. ನಮ್ಮ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ಕ್ಲಾಸಿನಲ್ಲೇ ಇಂಗ್ಲಿಷ್ ಒಂದು ವಿಷಯ. ಪುಸ್ತಕ ಬಂತು. ಇಂಗ್ಲಿಷ್ ಚೆನ್ನಾಗಿ ಬಲ್ಲ ಶಿಕ್ಷಕರು ಪ್ರತಿ ಶಾಲೆಗೂ ಬರಬೇಕು.

ಮೂರು: ಎಂಟನೇ ಕ್ಲಾಸಿನ ಮೇಲೆ, ಬೇಕಾದವರಿಗೆ ಮಾತ್ರ, ಇನ್ನೊಂದು ಭಾಷೆ. ನಮ್ಮ ಕರಾವಳಿಯಲ್ಲಿ ನನ್ನ ಆಯ್ಕೆ ಮೊದಲು ಅರಬಿ, ಆಮೇಲೆ ಜರ್ಮನ್. ಬೀದರಿಗೋ ಕೋಲಾರಕ್ಕೋ ಅಲ್ಲಿಯವರು ತಮ್ಮ ಆಯ್ಕೆ ಹೇಳಲಿ. ಕಲಿಸುವವರ ಸಂಬಳ ಸರ್ಕಾರದ್ದು, ಕ್ಲಾಸು ಸರ್ಕಾರಿ ಹೈಸ್ಕೂಲಿನದು, ಅಂಕದ ಆಮಿಷ ಬೇಡ. ಫ್ರೆಂಚ್, ಜಪಾನಿ, ರಷ್ಯನ್ ಕಾಲೇಜಿಗೆ ಬರಲಿ. ಪ್ರೀತಿಯಿಂದ ಕಲಿಯುವವರು ಅಲ್ಲಿ ಕಲಿಯುತ್ತಾರೆ.

ನಾಲ್ಕು: ಯಾವ ಭಾಷೆ ಕಲಿಸಿದರೂ ಪಾಠದಲ್ಲಿ ಕರಾರುಪತ್ರ ಇರಲಿ, ಕೂಲಿಯ ಕಾನೂನು ಇರಲಿ, ದೂರು ಬರೆಯುವುದು ಇರಲಿ. ಆ ಭಾಷೆಯಲ್ಲಿ ತುಳಿತಕ್ಕೆ ಒಳಗಾದವರು ಬರೆದ ಕತೆ ಕವಿತೆಯೂ ಇರಲಿ. ಜಗತ್ತಿನ ಸಂಸ್ಕೃತಿ ಅಂದರೆ ಅದೂ ಸೇರಿದ್ದು.

ನಮ್ಮ ಕಡೆ ಗತಿಗೆಟ್ಟವರನ್ನು 'ಪರದೇಶಿ' ಅಂತ ಕರೆಯುವುದುಂಟು. ತನ್ನ ಮಾತಿಗೆ ಬೆಲೆಯಿಲ್ಲದ, ಪರರ ಮಾತು ಪೂರ್ತಿ ಬಾರದ ಮಗುವೇ ನಿಜವಾದ ಪರದೇಶಿ. ಅಂಥ ಮಕ್ಕಳು ನನ್ನ ಕ್ಲಾಸಿನಲ್ಲಿ ಈ ಹೊತ್ತು ಕೂತಿದ್ದಾರೆ. ಇದನ್ನು ಓದುವ ಮೇಷ್ಟರುಗಳ ಕ್ಲಾಸಿನಲ್ಲೂ ಕೂತಿದ್ದಾರೆ. ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಬಿಸಿಯೂಟದ ಲೆಕ್ಕ ಮುಗಿದ ಮೇಲೆ ಈ ಒಂದು ಪ್ರಶ್ನೆ ಎತ್ತಿ. ತಾಯಂದಿರನ್ನು ಕೇಳಿ, ಅವರ ಭಾಷೆಯಲ್ಲೇ ಕೇಳಿ.

ರಿಕ್ಷಾದವರ ಮನೆಗೆ ಮೊನ್ನೆ ಹೋಗಿ ಇಷ್ಟನ್ನೂ ಹೇಳಿದೆ. ಅವರು ಸಮಾಧಾನದಿಂದ ಕೇಳಿದರು. ಕೊನೆಗೆ, "ಎಲ್ಲ ಸರಿ ಮಾಸ್ಟ್ರೇ, ಇದೆಲ್ಲ ನಿಮ್ಮ ಶಾಲೆಯಲ್ಲಿ ಯಾವಾಗ ಶುರು? ಶುರುವಾದ ದಿನ ಮಗಳನ್ನು ಅಲ್ಲಿಗೇ ತಂದು ಬಿಡ್ತೇನೆ" ಅಂದರು. ಉತ್ತರ ಕೊಡಬೇಕಾದವರು ನಾವು.